ಸೊಂಟದ ಮೂಳೆ ಆಪರೇಷನ್ ಆದ ಮೇಲೆ: ಹಾಸಿಗೆಯಿಂದ ತುಳಸಿಕಟ್ಟೆಯವರೆಗೆ

ಅಮ್ಮನಿಗೆ ಆಗ 74. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು ಒಳಗೆ ಬರುವಾಗ ಜಾರಿದಳು. ಎತ್ತರದಿಂದೇನೂ ಬಿದ್ದಿದ್ದಲ್ಲ, ನಿಂತಲ್ಲಿಂದ ನೆಲಕ್ಕೆ. ಬಲಗಾಲು ಎಡಗಾಲಿಗಿಂತ ಗಿಡ್ಡವಾದಂತೆ ಕಾಣುತ್ತಿತ್ತು. ಪಾದ ಹೊರಗಡೆ ತಿರುಗಿಕೊಂಡಿತ್ತು. ಸೊಂಟದ ಮೂಳೆ ಮುರಿದಿರುವ ಗುರುತೇ ಅದು ಅಂತ ಆಮೇಲೆ ಗೊತ್ತಾಯಿತು. ಮರುದಿನ ಆಪರೇಷನ್, ಆರನೇ ದಿನಕ್ಕೆ ಮನೆ. ನಾವು ಎಡವಿದ್ದು ಮನೆಗೆ ಬಂದ ಮೇಲೆ.

"ಪಾಪ, ಅಷ್ಟು ನೋವು ತಿಂದಿದ್ದಾಳೆ, ಮಲಗಲಿ" ಅಂತ ಮೂರು ವಾರ ಹಾಸಿಗೆಯಲ್ಲೇ ಇಟ್ಟುಬಿಟ್ಟೆವು. ಊಟ ಅಲ್ಲೇ, ಬೆಡ್‌ಪ್ಯಾನ್ ಅಲ್ಲೇ. ಹೊಲಿಗೆ ಬಿಚ್ಚಲೂ ನರ್ಸಮ್ಮನನ್ನು ಮನೆಗೇ ಕರೆಸಿದೆವು. ಮೂರನೇ ವಾರ ಬಂದ ಫಿಸಿಯೋಥೆರಪಿ ಹುಡುಗಿ ಡಿಸ್ಚಾರ್ಜ್ ಚೀಟಿ ಓದಿ ನಮ್ಮ ಮುಖ ನೋಡಿದಳು. ಅದರಲ್ಲಿ "ಎಫ್‌ಡಬ್ಲ್ಯೂಬಿ ವಿತ್ ವಾಕರ್" ಅಂತ ಬರೆದಿತ್ತು. ಪೂರ್ತಿ ಭಾರ ಹಾಕಿ, ವಾಕರ್ ಹಿಡಿದು ನಡೆಯಬಹುದು ಅಂತ ಅರ್ಥ. ಆ ಮೂರು ಅಕ್ಷರ ಏನು ಅಂತ ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಅಷ್ಟರಲ್ಲಿ ಅಮ್ಮನ ಬೆನ್ನಿನ ಬುಡದಲ್ಲಿ ಹುಣ್ಣು ಶುರುವಾಗಿತ್ತು, ತೊಡೆ ಸಣ್ಣಗಾಗಿತ್ತು. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಒಂದು ಅಮೆರಿಕನ್ ಅಧ್ಯಯನ 2007ರಲ್ಲಿ ಬಂದಿತ್ತು. ಅವರ ಕಾಲುಗಳಿಂದ ಸುಮಾರು 1 ಕಿಲೋ ಸ್ನಾಯು ಕರಗಿತ್ತು. ಅವರಿಗೆ ಮೂಳೆ ಮುರಿದಿರಲಿಲ್ಲ, ಆಪರೇಷನ್ ಆಗಿರಲಿಲ್ಲ. ಸುಮ್ನೆ ಮಲಗಿದ್ದರು, ಅಷ್ಟೇ. ನಮ್ಮಲ್ಲಿ ಪ್ರೀತಿ ತೋರಿಸುವುದು ಅಂದರೆ ಮಲಗಿಸುವುದು. ಈ ಕಾಯಿಲೆಗೆ ಅದು ಒಗ್ಗುವುದಿಲ್ಲ.

ನಾನು ಡಾಕ್ಟರಲ್ಲ. ಸರ್ಜನ್ ಹೇಳಿದ್ದು, ಫಿಸಿಯೋ ಕಲಿಸಿದ್ದು, ನಾವು ಪೆಟ್ಟು ತಿಂದು ತಿಳಿದಿದ್ದು ಇಲ್ಲಿದೆ. ನಿಮ್ಮ ಸರ್ಜನ್ ಬೇರೆ ಹೇಳಿದರೆ ಅವರ ಮಾತೇ ಕೇಳಿ.

ಒಳಗೆ ಏನು ಹಾಕಿದ್ದಾರೆ ಅಂತ ಮೊದಲು ತಿಳಿದುಕೊಳ್ಳಿ

"ಸೊಂಟದ ಮೂಳೆ" ಅಂತ ನಾವು ಕರೆಯುವುದು ನಿಜಕ್ಕೂ ತೊಡೆ ಮೂಳೆಯ ಮೇಲ್ತುದಿ. ಅಲ್ಲಿ ಒಂದು ಚೆಂಡು, ಅದರ ಕೆಳಗೆ ಕುತ್ತಿಗೆ, ಅದರ ಕೆಳಗೆ ದಪ್ಪ ಭಾಗ. ಹಿರಿಯರಿಗೆ ಕುತ್ತಿಗೆ ಮುರಿದು ಮೂಳೆ ಜರುಗಿದರೆ ಚೆಂಡಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಕೂಡುವುದು ಕಷ್ಟ. ಹಾಗಾಗಿ ಸಾಮಾನ್ಯವಾಗಿ ಚೆಂಡನ್ನೇ ತೆಗೆದು ಲೋಹದ್ದು ಹಾಕುತ್ತಾರೆ. ಆಸ್ಪತ್ರೆಯಲ್ಲಿ "ಬಾಲ್ ಚೇಂಜ್" ಅನ್ನುವುದು ಇದಕ್ಕೇ. ಕೆಲವರಿಗೆ ಆ ಚೆಂಡು ಕೂರುವ ಬಟ್ಟಲನ್ನೂ ಸೇರಿಸಿ ಪೂರ್ತಿ ಕೀಲು ಬದಲಿಸುತ್ತಾರೆ. ಕುತ್ತಿಗೆಯ ಕೆಳಗೆ ಮುರಿದರೆ ರಕ್ತ ಚೆನ್ನಾಗಿ ಸಿಗುತ್ತದೆ, ಮೂಳೆ ಕೂಡುತ್ತದೆ. ಅಲ್ಲಿ ರಾಡ್ ಅಥವಾ ಪ್ಲೇಟ್-ಸ್ಕ್ರೂ ಹಾಕುತ್ತಾರೆ. ಚೀಟಿಯಲ್ಲಿ ಪಿಎಫ್‌ಎನ್ ಅಂತಿದ್ದರೆ ರಾಡ್, ಡಿಎಚ್‌ಎಸ್ ಅಂತಿದ್ದರೆ ಪ್ಲೇಟ್-ಸ್ಕ್ರೂ.

ಇದು ಯಾಕೆ ಮುಖ್ಯ ಅಂದರೆ, ನೋಡಲು ಬಂದವರೆಲ್ಲ ತಮ್ಮ ಮನೆಯ ಕಥೆಯನ್ನೇ ನಿಯಮ ಅಂತ ಹೇಳಿ ಹೋಗುತ್ತಾರೆ. ನಮ್ಮ ಚಿಕ್ಕಮ್ಮನಿಗೆ ಬಾಲ್ ಹಾಕಿದ್ದರು. "ಕಾಲು ಕ್ರಾಸ್ ಮಾಡಬಾರದು, ಬಗ್ಗಬಾರದು" ಅಂತ ಅವರು ಅಮ್ಮನಿಗೂ ಕಟ್ಟುನಿಟ್ಟು ಹೇರಿದರು. ಬಾಲ್ ಹಾಕಿದವರಿಗೆ, ಅದರಲ್ಲೂ ಹಿಂಬದಿಯಿಂದ ಕೊಯ್ದು ಹಾಕಿದವರಿಗೆ, ಚೆಂಡು ಬಟ್ಟಲಿನಿಂದ ಜಾರುವ ಭಯ ಇರುತ್ತದೆ. ಅವರು ಸಾಮಾನ್ಯವಾಗಿ 6ರಿಂದ 12 ವಾರ ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಮಡಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು. ಮಗ್ಗಲಾಗುವಾಗ ಕಾಲುಗಳ ನಡುವೆ ದಿಂಬು ಬೇಕು. ಅಮ್ಮನಿಗೆ ಹಾಕಿದ್ದು ರಾಡ್. ಅವಳಲ್ಲಿ ಚೆಂಡು ಜಾರುವ ಪ್ರಶ್ನೆಯೇ ಇರಲಿಲ್ಲ. ಆದರೂ ಎರಡು ವಾರ ದಿಂಬು ಕಟ್ಟಿಕೊಂಡು ಮಲಗಿದ್ದಳು.

ಆಸ್ಪತ್ರೆ ಬಿಡುವ ಮೊದಲು ಒಂದು ಕಾಗದ ಹಿಡಿದು ನಿಂತು ಕೇಳಿ. ಬಾಲ್ ಹಾಕಿದ್ದೀರಾ, ರಾಡ್ ಹಾಕಿದ್ದೀರಾ? ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವತ್ತಿನಿಂದ? ಮಾಡಬಾರದ್ದು ಏನು, ಎಷ್ಟು ದಿನ? ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಅಥವಾ ಇಂಜೆಕ್ಷನ್ ಯಾವತ್ತು ನಿಲ್ಲಿಸಬೇಕು? (ಸಾಮಾನ್ಯವಾಗಿ 4-5 ವಾರ ಇರುತ್ತದೆ. ನೋವು ಹೋಯಿತು ಅಂತ ನೀವೇ ನಿಲ್ಲಿಸಬೇಡಿ.) ಮೂಳೆ ಗಟ್ಟಿಯಾಗಲು ಔಷಧ ಯಾವಾಗ ಶುರು? ಉತ್ತರವನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಅವರ ಎದುರೇ ಓದಿ ಹೇಳಿ. ಕಿರಿಕಿರಿ ಮಾಡಿಕೊಂಡರೆ ಮಾಡಿಕೊಳ್ಳಲಿ.

ಆಸ್ಪತ್ರೆಯ ಮೊದಲ ದಿನಗಳು

ತೊಂದರೆ ಇಲ್ಲದಿದ್ದರೆ ಆಪರೇಷನ್ ಆದ ಮರುದಿನವೇ ಎಬ್ಬಿಸಿ ಕೂರಿಸುತ್ತಾರೆ, ನಿಲ್ಲಿಸುತ್ತಾರೆ. ಬೇಡ ಅನ್ನಬೇಡಿ. ಮೂರು ಚೆಂಡಿನ ಉಸಿರಾಟದ ಆಟಿಕೆ ಕೊಡುತ್ತಾರಲ್ಲ, ಅದು ಶ್ವಾಸಕೋಶದಲ್ಲಿ ಕಫ ಕಟ್ಟದಿರಲಿ ಅಂತ. ಮಂಚದಲ್ಲಿದ್ದಾಗಲೂ ಗಂಟೆಗೊಮ್ಮೆ ಪಾದವನ್ನು ಮೇಲೆ-ಕೆಳಗೆ ಹತ್ತು ಸಲ ಆಡಿಸಬೇಕು. ಮೀನಖಂಡದಲ್ಲಿ ರಕ್ತ ನಿಲ್ಲದಂತೆ ಅದು ಪಂಪಿನ ಕೆಲಸ ಮಾಡುತ್ತದೆ. ಮೂತ್ರದ ಟ್ಯೂಬ್ ಇದ್ದರೆ "ಯಾವಾಗ ತೆಗೀತೀರಿ" ಅಂತ ದಿನಾ ಕೇಳಿ. ಜಾಸ್ತಿ ದಿನ ಇದ್ದರೆ ಸೋಂಕು.

ಎರಡನೇ ರಾತ್ರಿ ಅಮ್ಮ ಸತ್ತುಹೋದ ತನ್ನ ಅಣ್ಣನನ್ನು ಕರೆದಳು. ಡ್ರಿಪ್ ಸೂಜಿ ಕಿತ್ತಳು. ನನ್ನನ್ನು "ಯಾರು ನೀನು" ಅಂದಳು. ಪಕ್ಕದ ಬೆಡ್ಡಿನವರು ಗಾಳಿ ಸೋಂಕು, ತಾಯತ ಕಟ್ಟಿಸಿ ಅಂದರು. ನಮಗೆ ಕೈಕಾಲೇ ಆಡಲಿಲ್ಲ. ಡೆಲಿರಿಯಂ ಅನ್ನುತ್ತಾರೆ ಇದಕ್ಕೆ. ಈ ಆಪರೇಷನ್ ಆದ ಹಿರಿಯರಲ್ಲಿ ತುಂಬಾ ಸಾಮಾನ್ಯ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಹಿಂದೆ ಕಾರಣ ಇರುತ್ತದೆ: ನೋವು, ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಮಲ ಕಟ್ಟಿರುವುದು, ನಿದ್ದೆಗೇಡು. ಹಾಗಾಗಿ ನರ್ಸ್‌ಗೆ ತಕ್ಷಣ ತಿಳಿಸಿ. ಜೊತೆಗೆ ಕನ್ನಡಕ ಹಾಕಿ, ಕಿವಿ ಮಷಿನ್ ಇದ್ದರೆ ಕೊಡಿ. ಹಗಲಲ್ಲಿ ಕಿಟಕಿಯ ಬೆಳಕು ಬೀಳಲಿ. "ಇವತ್ತು ಮಂಗಳವಾರ, ನಾವು ಆಸ್ಪತ್ರೇಲಿದ್ದೀವಿ, ಕಾಲು ಸರಿ ಮಾಡಿದ್ದಾರೆ" ಅಂತ ಮೆತ್ತಗೆ ಹೇಳುತ್ತಿರಿ. ಅಮ್ಮ ಸುಧಾರಿಸಿದ್ದು ಕನ್ನಡಕ ಹಾಕಿದ ಮೇಲೆ. ಅಲ್ಲಿಯವರೆಗೆ ಅದು ನನ್ನ ಬ್ಯಾಗಲ್ಲಿತ್ತು. ಕಳೆದುಹೋಗಬಾರದು ಅಂತ ಜೋಪಾನ ಮಾಡಿದ್ದೆ!

ಮನೆಗೆ ಬರುವ ಮುಂಚೆ ಮನೆ ಬದಲಾಗಲಿ

ಮಂಚ ಮತ್ತು ಕುರ್ಚಿ ಎತ್ತರವಾಗಿರಬೇಕು. ಕೂತಾಗ ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಕೆಳಗೇ ಇರಬೇಕು. ಮೆತ್ತಗಿನ ಸೋಫಾ ಬೇಡ, ಕೈಗಳಿರುವ ಗಟ್ಟಿ ಕುರ್ಚಿ ಬೇಕು. ಕುರ್ಚಿ ಗಿಡ್ಡವಾದರೆ ದಪ್ಪ, ಗಟ್ಟಿ ದಿಂಬು ಹಾಕಿ. ನೆಲದ ಮೇಲೆ ಕೂರುವುದು, ಚಕ್ಕಳಮಕ್ಕಳ, ಕುಕ್ಕರಗಾಲು ಸದ್ಯಕ್ಕೆ ಬಂದ್. ಬಾಲ್ ಹಾಕಿದವರಿಗೆ ಬಹುತೇಕ ಶಾಶ್ವತವಾಗಿ ಬಂದ್.

ಕಕ್ಕಸಿನದೇ ದೊಡ್ಡ ತಲೆನೋವು. ಹಳೇ ಮನೆಗಳಲ್ಲಿ ಇಂಡಿಯನ್ ಟಾಯ್ಲೆಟ್, ಅದೂ ಹಿತ್ತಲಲ್ಲಿ. ಕಮೋಡ್ ಕುರ್ಚಿ ಅಂತ ಸಿಗುತ್ತದೆ, ನಡುವೆ ತೂತು ಇರುವ ಗಟ್ಟಿ ಕುರ್ಚಿ. ಇಂಡಿಯನ್ ಟಾಯ್ಲೆಟ್ ಮೇಲೂ ಇಡಬಹುದು, ರಾತ್ರಿ ಮಂಚದ ಪಕ್ಕಕ್ಕೂ ಇಡಬಹುದು. ವೆಸ್ಟರ್ನ್ ಇದ್ದು ಗಿಡ್ಡವಾಗಿದ್ದರೆ ಮೇಲೆ ಕೂರಿಸುವ 4-6 ಇಂಚಿನ ಸೀಟು ತನ್ನಿ. ಗೋಡೆಗೆ ಹಿಡಿಕೆ ಹೊಡೆಸಿ, ಕೊರೆದು ಬೋಲ್ಟ್ ಹಾಕಿದ್ದೇ ಆಗಬೇಕು. ಟವೆಲ್ ರಾಡು ಹಿಡಿಕೆಯಲ್ಲ, ಭಾರ ಬಿದ್ದರೆ ಕಿತ್ತು ಬರುತ್ತದೆ. ಸ್ನಾನ ಕುರ್ಚಿ ಮೇಲೆ ಕೂತೇ ಆಗಲಿ.

ಕಾಲೊರೆಸುವ ಮ್ಯಾಟು ಎಲ್ಲ ಎತ್ತಿಡಿ. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಉರಿಯಲಿ. ನಮ್ಮ ಮನೆಗಳ ಹೊಸ್ತಿಲು ವಾಕರ್‌ಗೆ ದೊಡ್ಡ ಶತ್ರು. ನಮ್ಮಲ್ಲಿ ಬಡಗಿಯಿಂದ ಒಂದು ಇಳಿಜಾರು ಹಲಗೆ ಮಾಡಿಸಿದೆವು. ಹೊಸ್ತಿಲ ಮೇಲೆ ಹಲಗೆ ಹಾಕಬಹುದಾ ಅಂತ ಅತ್ತೆ ತಕರಾರು ತೆಗೆದರು. ಪೂಜೆ ಹೊತ್ತಲ್ಲಿ ತೆಗೆದಿಡುವುದು ಅಂತ ರಾಜಿಯಾಯಿತು.

ಆಸ್ಪತ್ರೆಯಿಂದ ಬರುವಾಗ ಕಾರಿನ ಸೀಟನ್ನು ಹಿಂದಕ್ಕೆ ತಳ್ಳಿ, ದಿಂಬು ಹಾಕಿ ಎತ್ತರಿಸಿ. ಮೊದಲು ಬೆನ್ನು ಮಾಡಿ ಕೂರಬೇಕು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ.

ಎಬ್ಬಿಸುವುದು, ನಡೆಸುವುದು

ಕೈ ಹಿಡಿದು, ಕಂಕುಳಲ್ಲಿ ಕೈ ಹಾಕಿ ಎಳೆಯಬೇಡಿ. ಅವರ ಭುಜ ಹೋಗುತ್ತದೆ, ನಿಮ್ಮ ಬೆನ್ನು ಹೋಗುತ್ತದೆ. ಮಂಚದ ಅಂಚಿಗೆ ಕೂರಿಸಿ, ಎರಡು ನಿಮಿಷ ಸುಮ್ನೆ ಕೂರಲಿ. ಎದ್ದ ತಕ್ಷಣ ಬಿಪಿ ಇಳಿದು ತಲೆ ತಿರುಗುವುದು ಈ ವಯಸ್ಸಲ್ಲಿ ಮಾಮೂಲು. ಏಳುವಾಗ ಕೈ ಮಂಚದ ಮೇಲೆ ಊರಿ ಏಳಬೇಕು. ವಾಕರ್ ಹಿಡಿದು ಎಳೆದುಕೊಂಡು ಎದ್ದರೆ ಅದು ಮಗುಚುತ್ತದೆ. ಸಹಾಯಕ್ಕೆ ನಿಲ್ಲುವವರು ಆಪರೇಷನ್ ಆದ ಕಡೆ, ಅರ್ಧ ಹೆಜ್ಜೆ ಹಿಂದೆ ಇರಲಿ.

ವಾಕರ್ ಎತ್ತರ ಅಂಗಡಿಯವನು ಕೊಟ್ಟ ಹಾಗೇ ಇಡಬೇಡಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೊದಲು ವಾಕರ್ ಮುಂದೆ, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆ ಕಾಲು. ಮೆಟ್ಟಿಲು ಬಂದಾಗ ಫಿಸಿಯೋ ಕಲಿಸಿದ ಸೂತ್ರ ಅಮ್ಮನಿಗೆ ಬಾಯಿಪಾಠ: ಹತ್ತುವಾಗ ಒಳ್ಳೇದು ಮೊದಲು, ಇಳಿಯುವಾಗ ಕೆಟ್ಟದ್ದು ಮೊದಲು.

ನಡಿಗೆ ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ. ಮೊದಲ ದಿನ ಕುರ್ಚಿವರೆಗೆ, ನಾಳೆ ಬಾಗಿಲವರೆಗೆ. ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆ ಕೊಡಿ. "ನೋವು ತಡ್ಕೋತೀನಿ, ಮಾತ್ರೆ ಬೇಡ" ಅನ್ನುವ ಹಿರಿಯರು ನಡೆಯುವುದೂ ಇಲ್ಲ. ನಮ್ಮ ಫಿಸಿಯೋ ಮನೆಯಲ್ಲಿ ಮಾಡಿಸಿದ್ದು ನಾಲ್ಕೇ ಕಸರತ್ತು. ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಐದು ಎಣಿಸುವವರೆಗೆ ಕೆಳಕ್ಕೆ ಒತ್ತುವುದು. ಹಿಮ್ಮಡಿಯನ್ನು ಹಾಸಿಗೆ ಮೇಲೆ ಎಳೆದು ಮಂಡಿ ಮಡಿಸುವುದು. ಅಡುಗೆಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು. ಕುರ್ಚಿಯಿಂದ ಎದ್ದು ಕೂರುವುದು. ಒಂದೊಂದೂ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೊನೆಯದಂತೂ ಬಿಡಲೇಬೇಡಿ. ಯಾರ ಸಹಾಯವಿಲ್ಲದೆ ಕಮೋಡಿನಿಂದ ಏಳುವ ಶಕ್ತಿ ಬರುವುದು ಅದರಿಂದಲೇ.

ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಲು ಯಾರಾದರೂ ಬಂದೇ ಬರುತ್ತಾರೆ. ನಯವಾಗಿ ಕಾಫಿ ಕೊಟ್ಟು ಕಳಿಸಿ. ಗಾಯದ ಹತ್ತಿರ ಎಣ್ಣೆ ಹೋದರೆ ಸೋಂಕು. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಕಟ್ಟು ಹಾಕಿಸುವ ಮಾತಂತೂ ಬೇಡವೇ ಬೇಡ, ಒಳಗೆ ಲೋಹ ಹಿಡಿದುಕೊಂಡಿದೆ.

ಇನ್ನೂ ಎದ್ದು ಓಡಾಡದವರನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ. ದಿನಾ ಹಿಮ್ಮಡಿ ಮತ್ತು ಬೆನ್ನಿನ ಬುಡ ನೋಡಿ. ಒತ್ತಿದರೂ ಮಾಯವಾಗದ ಕೆಂಪು ಕಂಡರೆ ಹುಣ್ಣಿನ ಶುರು. ಗಾಳಿ ಹಾಸಿಗೆ ಸಹಾಯಕ್ಕೆ ಬರುತ್ತದೆ, ಆದರೆ ಅದು ಹಾಕಿದ ಮೇಲೂ ಮಗ್ಗಲು ಬದಲಿಸಬೇಕು.

ಇವು ಕಂಡರೆ ಕಾಯಬೇಡಿ

- ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು: ತಕ್ಷಣ 108.
- ಮೀನಖಂಡ ಊದಿ, ಬಿಸಿಯಾಗಿ ನೋಯುವುದು: ಅವತ್ತೇ ಆಸ್ಪತ್ರೆ.
- ಗಾಯದಿಂದ ಕೀವು, ನಿಲ್ಲದ ಸೋರಿಕೆ, ಜ್ವರ.
- ನಡೆಯುತ್ತಿದ್ದವರಿಗೆ ಒಮ್ಮೆಲೇ ಜೋರು ನೋವು ಬಂದು ಭಾರ ಹಾಕಲಾಗದಿರುವುದು, ಕಾಲು ಮತ್ತೆ ಗಿಡ್ಡವಾಗಿ ತಿರುಗಿರುವುದು. ಚೆಂಡು ಜಾರಿರಬಹುದು, ಸ್ಕ್ರೂ ಕಿತ್ತಿರಬಹುದು.

ಊಟ: ಗಂಜಿ ಸಾಕಾಗುವುದಿಲ್ಲ

ಆಪರೇಷನ್ ಅಂದ ಕೂಡಲೇ ನಮ್ಮಲ್ಲಿ ಪಥ್ಯ. ಗಂಜಿ, ತಿಳಿಸಾರು, ಬ್ರೆಡ್ಡು. ಅದೂ ತಪ್ಪು ಅಂತ ಡಯೆಟಿಷಿಯನ್ ಲೆಕ್ಕ ಹಾಕಿ ತೋರಿಸಿದರು. ಚೇತರಿಸಿಕೊಳ್ಳುವ ಹಿರಿಯರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೋಟೀನ್ ಬೇಕು. 50 ಕಿಲೋದ ಅಮ್ಮನಿಗೆ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಲ್ಲಿ 6-7. ತಿಳಿಸಾರಲ್ಲಿ ಎಷ್ಟಿರುತ್ತೆ ಹೇಳಿ? ಗಟ್ಟಿ ಬೇಳೆ, ಮೊಳಕೆ ಹೆಸರುಕಾಳು, ಹುರುಳಿ, ಮೊಸರು, ಪನೀರ್, ತಿನ್ನುವವರಾದರೆ ಮೊಟ್ಟೆ, ಮೀನು, ಕೋಳಿ, ಮೂರು ಹೊತ್ತೂ ಇವುಗಳಲ್ಲಿ ಏನಾದರೂ ತಟ್ಟೆಯಲ್ಲಿರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ಮುಂದುವರಿಯಿರಿ.

ರಾಗಿಯ ವಿಷಯದಲ್ಲಿ ನಾವು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದ್ದು 1,000-1,200. ಮುದ್ದೆ, ಅಂಬಲಿ, ಹಾಲು, ಮೊಸರು ಸೇರಿದರೆ ಬಹುಪಾಲು ಅಡುಗೆಮನೆಯಲ್ಲೇ ಸಿಗುತ್ತದೆ. ಕಾಲು ಸೂಪು ಕುಡಿದರೆ ಮೂಳೆ ಬೇಗ ಕೂಡುತ್ತೆ ಅನ್ನುವವರಿದ್ದಾರೆ. ರುಚಿಗೆ ಕುಡಿಯಲಿ, ಬಿಸಿಬಿಸಿಯಾಗಿ ಗಂಟಲಿಗೆ ಹಿತ. ಆದರೆ ಮೂಳೆ ಎಷ್ಟು ಕುದಿಸಿದರೂ ನೀರಿಗೆ ಇಳಿಯುವ ಕ್ಯಾಲ್ಸಿಯಂ ಕಡಿಮೆ. ಅದನ್ನೇ ನಂಬಿ ಹಾಲು ಬಿಡಬೇಡಿ.

ನೋವಿನ ಕೆಲವು ಮಾತ್ರೆಗಳಿಂದ ಮಲ ಕಟ್ಟುತ್ತದೆ. ಮುಜುಗರಕ್ಕೆ ಅಮ್ಮ ನಾಲ್ಕು ದಿನ ಹೇಳಲೇ ಇಲ್ಲ. ಬಚ್ಚಲಿಗೆ ಹೋಗುವುದು ತಪ್ಪಲಿ ಅಂತ ನೀರು ಕುಡಿಯುವುದನ್ನೂ ಬಿಟ್ಟಿದ್ದಳು. ಇದನ್ನು ನೀವಾಗಿಯೇ ಕೇಳಬೇಕು.

ಇನ್ನೊಂದು ಕಾಲನ್ನು ಉಳಿಸಿಕೊಳ್ಳಿ

ಇಷ್ಟೆಲ್ಲ ಓದಲು ಪುರುಸೊತ್ತಿಲ್ಲದವರು ಈ ಭಾಗವೊಂದನ್ನಾದರೂ ಓದಿ. ನಿಂತಲ್ಲಿಂದ ಬಿದ್ದು ಸೊಂಟ ಮುರಿದರೆ ಮೂಳೆ ಟೊಳ್ಳಾಗಿದೆ ಅಂತಲೇ ಲೆಕ್ಕ. ಆಪರೇಷನ್ ಮುರಿದದ್ದನ್ನು ಸರಿ ಮಾಡಿತು. ಟೊಳ್ಳು ಹಾಗೇ ಇದೆ. ಆದರೂ ಮೂಳೆ ಗಟ್ಟಿ ಮಾಡುವ ಔಷಧ ಶುರು ಮಾಡದೆಯೇ ಎಷ್ಟೋ ಜನ ಮನೆಗೆ ಬಂದುಬಿಡುತ್ತಾರೆ. ಕ್ಯಾಲ್ಸಿಯಂ ಮಾತ್ರೆಯೇ ಆ ಔಷಧ ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು.

ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್ ಮಾತ್ರೆ ಇದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಇರಬೇಕು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಇಲ್ಲವೇ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಝೋಲೆಡ್ರೋನಿಕ್ ಆಸಿಡ್. ಸೊಂಟದ ಆಪರೇಷನ್ ಆದ 90 ದಿನದೊಳಗೆ ಇದನ್ನು ಶುರು ಮಾಡಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2007ರಲ್ಲಿ ಬಂತು. ಔಷಧ ಸಿಕ್ಕವರಲ್ಲಿ ಹೊಸ ಮುರಿತ ಶೇ. 35ರಷ್ಟು, ಸಾವು ಶೇ. 28ರಷ್ಟು ಕಡಿಮೆ ಇತ್ತು. ಕೊಡುವ ಮುಂಚೆ ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಮಾಡುತ್ತಾರೆ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಹೇಳಿ. ಮೊದಲ ಡ್ರಿಪ್ ಆದ ಮೇಲೆ ಎರಡು-ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ಅಮ್ಮನಿಗೆ ಬಂತು, ಹೋಯಿತು.

ವಿಟಮಿನ್ ಡಿ 60,000 ಯೂನಿಟ್ ಪುಡಿಯನ್ನು ಸಾಮಾನ್ಯವಾಗಿ ವಾರಕ್ಕೊಂದು ಅಂತ ಬರೆಯುತ್ತಾರೆ. ದಿನಕ್ಕೊಂದು ಅಂತ ತಪ್ಪು ತಿಳಿದು ತಿಂಗಳುಗಟ್ಟಲೆ ಕುಡಿದರೆ ವಿಷವಾಗುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಇನ್ನು ಬಿದ್ದದ್ದು ಯಾಕೆ? ಪೊರೆ ಬಂದ ಕಣ್ಣು, ನಿದ್ದೆ ಮಾತ್ರೆ, ಜಾಸ್ತಿಯಾದ ಬಿಪಿ ಮಾತ್ರೆ, ಸವೆದ ಹವಾಯಿ ಚಪ್ಪಲಿ, ಕಾಲಿಗೆ ತೊಡರುವ ಉದ್ದ ನೈಟಿ, ಇವೆಲ್ಲ ಒಂದೊಂದಾಗಿ ನೋಡಿ. ಮಾತ್ರೆಗಳ ಪೂರ್ತಿ ಚೀಲವನ್ನೇ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.

ಬದುಕು ವಾಪಸ್ ಬಂತಾ ಅಂತ ನೋಡುವುದು ಹೇಗೆ

ಆರು ವಾರಕ್ಕೆ ಎಕ್ಸ್‌ರೇ, ಮೂರು ತಿಂಗಳಿಗೆ ಇನ್ನೊಂದು. "ಮೂಳೆ ಚೆನ್ನಾಗಿ ಕೂಡ್ತಿದೆ" ಅಂದರು ಡಾಕ್ಟರು. ನಾವು ಖುಷಿಪಟ್ಟೆವು. ಅಮ್ಮ ಮಾತ್ರ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಮತ್ತೆ ಬೀಳುವ ಭಯ. ನಾಲ್ಕು ಜನಕ್ಕೆ ಹೊರೆಯಾದೆ ಅನ್ನುವ ಸಂಕಟ. ಎಕ್ಸ್‌ರೇಯಲ್ಲಿ ಅವು ಕಾಣುವುದಿಲ್ಲ.

ಜೀವನದ ಗುಣಮಟ್ಟ ಅಳೆಯಲು ವೈದ್ಯರು ಬಳಸುವ ಒಂದು ಪಟ್ಟಿಯಲ್ಲಿ ಐದೇ ವಿಷಯಗಳಿವೆ: ಓಡಾಟ, ತನ್ನ ಕೆಲಸ ತಾನು ಮಾಡಿಕೊಳ್ಳುವುದು, ದಿನದ ಚಟುವಟಿಕೆ, ನೋವು, ಆತಂಕ ಮತ್ತು ಬೇಸರ. ಭಾನುವಾರ ಭಾನುವಾರ ಈ ಐದನ್ನೇ ಅಮ್ಮನ ಹತ್ತಿರ ಕೇಳಿ ಹಳೇ ಡೈರಿಯಲ್ಲಿ ಬರೆದಿಡಲು ಶುರು ಮಾಡಿದೆ. ಓಡಾಟ ಸುಧಾರಿಸುತ್ತಿತ್ತು, ನೋವು ಇಳಿಯುತ್ತಿತ್ತು. ಮೂರನೆಯದು ಮತ್ತು ಐದನೆಯದು ಕದಲಲೇ ಇಲ್ಲ. ಆಗ ಫಿಸಿಯೋ ಒಂದು ಪ್ರಶ್ನೆ ಕೇಳಿದಳು: "ಅಜ್ಜಿ, ನಿಮಗೆ ಏನು ಮಾಡಬೇಕು ಅನ್ನಿಸುತ್ತೆ?" ನಾವ್ಯಾರೂ ಕೇಳಿರಲಿಲ್ಲ. ಅಮ್ಮ ಹೇಳಿದ್ದು ಹಿತ್ತಲ ತುಳಸಿಕಟ್ಟೆಗೆ ತಾನೇ ನೀರು ಹಾಕಬೇಕು ಅಂತ. ಎರಡು ಮೆಟ್ಟಿಲು ಇಳಿದು ಹದಿನಾರು ಹೆಜ್ಜೆ. ಅವತ್ತಿನಿಂದ ಕಸರತ್ತಿಗೆಲ್ಲ ಒಂದು ಗುರಿ ಸಿಕ್ಕಿತು. ಮೊದಲು ಮೆಟ್ಟಿಲು ಅಭ್ಯಾಸ. ಆಮೇಲೆ ಒಂದು ಕೈಯಲ್ಲಿ ಅರ್ಧ ಚೊಂಬು ನೀರು ಹಿಡಿದು ನಿಲ್ಲುವುದು. ನಿಮ್ಮ ಮನೆಯವರಿಗೆ ಅದು ಮಸೀದಿ ಇರಬಹುದು, ಚರ್ಚ್ ಇರಬಹುದು, ಕಟ್ಟೆ ಮೇಲಿನ ಇಸ್ಪೀಟ್ ಇರಬಹುದು. ಕೇಳಿ.

ಕೂತಲ್ಲೇ ಮಾಡುವ ಕೆಲಸ ಬೇಗ ವಾಪಸ್ ಕೊಡಿ. ಹುರುಳಿಕಾಯಿ ನಾರು ತೆಗೆಯಲಿ, ಹೂ ಕಟ್ಟಲಿ, ಹಾಲಿನವನ ಲೆಕ್ಕ ನೋಡಲಿ. "ನೀನು ಸುಮ್ನಿರು" ಅನ್ನುವ ಮಾತು ಅವರನ್ನು ಇನ್ನಷ್ಟು ಮುದುಡಿಸುತ್ತದೆ. ಎರಡು ವಾರ ದಾಟಿದರೂ ಊಟ ಬೇಡ, ಮಾತು ಬೇಡ, ನಿದ್ದೆ ಇಲ್ಲ ಅಂದರೆ ಖಿನ್ನತೆ ಇರಬಹುದು, ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ಮಾತಾಡಬಹುದು. ನಮ್ಮ ಮನೆಯಲ್ಲಿ ಅಷ್ಟೂ ಭಾರ ನನ್ನ ಹೆಂಡತಿಯ ಮೇಲೆ ಬಿತ್ತು. ನನಗದು ಕಂಡಿದ್ದು ಅವಳ ಬೆನ್ನು ಹಿಡಿದುಕೊಂಡ ಮೇಲೆ. ರಾತ್ರಿ ಪಾಳಿ ಯಾರದ್ದು ಅಂತ ಮೊದಲ ದಿನವೇ ಗಂಡಸರನ್ನೂ ಸೇರಿಸಿ ಹಂಚಿಕೊಳ್ಳಿ.

ಎಲ್ಲರೂ ಮೊದಲಿನಂತೆ ಆಗುವುದಿಲ್ಲ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸುಧಾರಣೆ ಹೆಚ್ಚು ಕಾಣುವುದು ಮೊದಲ ಆರು ತಿಂಗಳಲ್ಲಿ, ಆಮೇಲೆ ವರ್ಷದವರೆಗೂ ನಿಧಾನವಾಗಿ. ಮೊದಲು ಒಬ್ಬರೇ ಓಡಾಡುತ್ತಿದ್ದ ಅನೇಕರಿಗೆ ಕೋಲು ಕಾಯಂ ಆಗುತ್ತದೆ. ರಾಡ್ ಹಾಕಿದವರಿಗೆ ಮೂಳೆ ಸ್ವಲ್ಪ ಕುಸಿದು ಕಾಲು ಗಿಡ್ಡವಾಗಬಹುದು. ಚಪ್ಪಲಿಯೊಳಗೆ ಹಿಮ್ಮಡಿಗೆ ಒಂದು ಪ್ಯಾಡ್ ಹಾಕಿಸಿದರೆ ಕುಂಟುವುದು ಕಡಿಮೆಯಾಗುತ್ತದೆ.

ವಾಕರ್ ಬಿಟ್ಟು ಕೋಲಿಗೆ ಬರುವುದು ಯಾವಾಗ ಅಂತ ಫಿಸಿಯೋ ಹೇಳಲಿ. ಕೋಲು ಹಿಡಿಯಬೇಕಾದ್ದು ಆಪರೇಷನ್ ಆದ ಕಡೆಯಲ್ಲ, ಎದುರು ಕಡೆಯ ಕೈಯಲ್ಲಿ. ಬಲ ಸೊಂಟವಾದರೆ ಎಡಗೈ. ಬುಡದ ರಬ್ಬರ್ ಸವೆದರೆ ಕೂಡಲೇ ಬದಲಿಸಿ, ಇಪ್ಪತ್ತೋ ಮೂವತ್ತೋ ರೂಪಾಯಿಯ ಮಾಲು. ಅಮ್ಮನ ಕೋಲಿಗೆ ಈ ವರ್ಷ ಎರಡು ಸಲ ಬದಲಿಸಿದ್ದೇವೆ. ತುಳಸಿಗೆ ನೀರು ಹಾಕಿ ಬಂದು ಬಿಸಿಲಲ್ಲಿ ಹಪ್ಪಳ ಕಾಯುತ್ತಾ ಕೂರುತ್ತಾಳೆ, ಕಾಗೆ ಓಡಿಸಲು ಅದನ್ನೇ ನೆಲಕ್ಕೆ ಬಡಿಯುತ್ತಾಳೆ.